ಹನ್ನೊಂದು ತಾಮ್ರದ ತಗಡು

೩ ಫೆಬ್ರುವರಿ ೧೯೫೭

ಇನ್ನು ಎಂಬತ್ತಾರು ದಿನ. ಏಪ್ರಿಲ್ ಮೂವತ್ತಕ್ಕೆ ರಜೆ ಮುಗಿಯುತ್ತದೆ, ಮೇ ನಾಲ್ಕಕ್ಕೆ ಮುಂಬಯಿಯಿಂದ ಹಡಗು. ಅಲ್ಲಿಯವರೆಗೆ ಗಜೇಂದ್ರಗಡದ ಈ ಕೋಣೆಯೇ ಗತಿ.

ಇಂಗ್ಲೆಂಡಿನ ಡಾಕ್ಟರು ನನ್ನ ಹಳದಿ ಕಣ್ಣು ನೋಡಿ, "ಊರಿಗೆ ಹೋಗಿ ಗದ್ದಲವಿಲ್ಲದ ಕಡೆ ಮಲಗಿರು" ಎಂದರು. ಪಾಪ, ಅವರು ನಮ್ಮ ಮನೆ ನೋಡಿದವರಲ್ಲ. ಕೆಳಗೆ ಅಪ್ಪನ ಕಾಳಿನ ಅಂಗಡಿ, ಮೇಲೆ ನಾನು. ಬೆಳಗಾದರೆ ಚಕ್ಕಡಿಗಳ ಸದ್ದು, ಜೋಳದ ಧೂಳು, ಅದರ ಮೇಲೆ ಅಪ್ಪನ ಎಣಿಕೆ: "ಲಾಭಾ... ಎರಡಾ... ಮೂರಾ..." ಕಾಳು ಅಳೆಯುವಾಗ ಒಂದು ಎನ್ನಬಾರದು, ಲಾಭ ಎನ್ನಬೇಕು. ಹುಟ್ಟಿದಾಗಿನಿಂದ ಕೇಳಿದ ರಾಗ. ಮೂರು ವರ್ಷ ಕೇಳದೆ ಇದ್ದೆನಲ್ಲ, ಈಗ ತಲೆಗೆ ಮೊಳೆ ಹೊಡೆದ ಹಾಗಾಗುತ್ತದೆ.

ಟ್ರಂಕು ಬಿಚ್ಚಿದೆ. ಲಕೋಟೆಗಳಲ್ಲಿ ಹನ್ನೊಂದು ತಾಮ್ರದ ತಗಡು, ಒಂದರಿಂದ ಹನ್ನೊಂದರವರೆಗೆ ಅಂಕಿ ಹಾಕಿದವು. ಬ್ಯಾಟರಿಯ ಮೇಲೆ ನಡೆಯುವ, ಕಿರಣ ಎಣಿಸುವ ಗೈಗರ್ ಪೆಟ್ಟಿಗೆ. ಪ್ರಯೋಗದ ಪುಸ್ತಕ. ಲಾಗರಿದಮ್ ಕೋಷ್ಟಕ. ಕಸಕಡ್ಡಿ ತುಂಬಿದ ಬಿಸ್ಕತ್ತಿನ ಡಬ್ಬಿಯೊಂದು. ಅದನ್ನು ಯಾಕೆ ಹೊತ್ತು ತಂದೆನೋ ನನಗೇ ಗೊತ್ತಿಲ್ಲ. ಯಾವುದೂ ಮುರಿದಿಲ್ಲ. ನನ್ನೊಬ್ಬನನ್ನು ಬಿಟ್ಟರೆ ಎಲ್ಲವೂ ಸುಸ್ಥಿತಿಯಲ್ಲಿ ತಲುಪಿದವು.

ಅಕ್ಕ ಸಿದ್ದವ್ವ ನುಚ್ಚು ಮಜ್ಜಿಗೆ ಕೊಟ್ಟಳು. ಎಣ್ಣೆಯಿಲ್ಲ, ಖಾರವಿಲ್ಲ. ಇದನ್ನು ತಿಂದು ಬದುಕುವುದೂ ಒಂದು ಪ್ರಯೋಗವೇ.

೬ ಫೆಬ್ರುವರಿ

ಇನ್ನು ಎಂಬತ್ತಮೂರು ದಿನ.

ಅಪ್ಪ ಮೆಟ್ಟಿಲು ಹತ್ತಿ ಬಂದ. ತೋಟಪ್ಪ ಸಾಹುಕಾರರು ತಾವಾಗಿ ಮೇಲೆ ಬರುವುದೆಂದರೆ ದೊಡ್ಡ ಮಾತು. ಎಪ್ಪತ್ತರ ಹತ್ತಿರ ಬಂದಿದ್ದಾನೆ, ಎಡಗಣ್ಣಿನಲ್ಲಿ ಪೊರೆ. ಹಾಸಿಗೆಯ ತುದಿಗೆ ಕುಳಿತು ಕೇಳಿದ:

"ಅಲ್ಲೋ ಪ್ರಭು, ನಿಮ್ಮ ಮಗ ಅಲ್ಲಿ ಏನ ಮಾಡ್ತಾನ ಅಂತ ಮಂದಿ ಕೇಳ್ತಾರ. ನಾ ಏನ ಹೇಳ್ಲಿ?"

"ಪ್ರೋಟಾನ್ ಅಂತ ಭಾಳ ಸಣ್ಣ ಕಣ ಐತಪ್ಪ. ಯಂತ್ರದಿಂದ ಅದನ್ನ ಗುಂಡಿನಂಗ ಹೊಡೀತೀವಿ. ಅದು ತಾಮ್ರದ ಕಣಕ್ಕ ಸರಿಯಾಗಿ ಬಡೀತಂದ್ರ ಆ ತಾಮ್ರ ಸತು ಆಗ್ತೈತಿ. ಕಿರಣ ಬಿಡೂ ಸತು. ಮೈಯಾಗ ಸತು ಎಲ್ಲಿ ಹೋಗಿ ಕೂಡ್ತೈತಿ ಅಂತ ನೋಡಾಕ ಡಾಕ್ಟರಗೋಳಿಗೆ ಬೇಕದು."

"ಎಲ್ಲಾ ತಾಮ್ರ ಸತು ಆಗ್ತೈತಿ?"

"ಇಲ್ಲ. ಎಲ್ಲೋ ಒಂದ ಬಡೀತೈತಿ, ಉಳಿದದ್ದೆಲ್ಲಾ ಹಂಗ ದಾಟಿ ಹೊಕ್ಕೈತಿ. ಪ್ರೋಟಾನಿನ ಕಣ್ಣಿಗೆ ತಾಮ್ರದ ಕಣ ಎಷ್ಟ ಅಗಲ ಕಾಣ್ತೈತಿ, ಅದನ್ನ ಅಳಿಯೂದ ನನ್ನ ಕೆಲಸ. ಅಡ್ಡಕೊಯ್ತ ಅಂತೀವಿ."

"ಯಾವ ಅಳತೀಲೆ ಅಳೀತಿ?"

"ಬಾರ್ನ್ ಅಂತ. ಅವರ ಭಾಷಾದಾಗ ಕಣಜ ಅಂದಂಗ. ಯಾರೋ ಚಾಷ್ಟಿಗೆ ಇಟ್ಟ ಹೆಸರು."

ಅಪ್ಪನ ಮುಖ ಅರಳಿತು. "ಹಂಗಾರ ನೀನೂ ಕಣಜಾ ಅಳಿಯಾಂವನ ಆದಿ. ಇದನ್ನ ಹೇಳಾಕ ಇಷ್ಟ ದಿನ ಯಾಕ ಬೇಕಾತು?" ಎಂದು ಎದ್ದು ಹೋದ. ಸಂಜೆಯೊಳಗೆ ಪೇಟೆಯಲ್ಲೆಲ್ಲ ಸುದ್ದಿ: ತೋಟಪ್ಪನವರ ಮಗ ಇಂಗ್ಲೆಂಡಿನಲ್ಲಿ ಕಣಜ ಅಳೆಯುತ್ತಾನೆ. ನನಗೆ ಮೈ ಉರಿಯಿತು.

೧೪ ಫೆಬ್ರುವರಿ

ಎಪ್ಪತ್ತೈದು ದಿನ.

ಪ್ರೊಫೆಸರರ ಪತ್ರ ಬಂದಿದೆ. ಒಳ್ಳೆಯ ಸುದ್ದಿಯಲ್ಲ.

ಏನಾಗಿದೆ ಎಂಬುದನ್ನು ನನಗಾಗಿಯೇ ಬರೆದಿಡುತ್ತೇನೆ. ಹೋದ ಅಕ್ಟೋಬರಿನಲ್ಲಿ ತಗಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಪ್ರೋಟಾನ್ ಹೊಡೆದೆ. ಪ್ರತಿ ತಗಡು ದಾಟುವಾಗಲೂ ಪ್ರೋಟಾನಿನ ಶಕ್ತಿ ಅಷ್ಟಷ್ಟು ಕಡಿಮೆಯಾಗುತ್ತದೆ. ಮೊದಲ ತಗಡಿಗೆ ಹತ್ತು ಮಿಲಿಯನ್ ವೋಲ್ಟಿನ ಶಕ್ತಿಯಿಂದ ಬಡಿದದ್ದು ಹತ್ತನೆಯದಕ್ಕೆ ಬರುವ ಹೊತ್ತಿಗೆ ಮೂರೂವರೆಗೆ ಇಳಿದಿರುತ್ತದೆ. ಎರಡಕ್ಕಿಂತ ತುಸು ಮೇಲೊಂದು ಹೊಸ್ತಿಲಿದೆ, ಅದರ ಕೆಳಗೆ ತಾಮ್ರ ಸತುವಾಗುವುದೇ ಇಲ್ಲ. ಒಂದೊಂದು ತಗಡಿನಲ್ಲಿ ಎಷ್ಟು ಸತು ಹುಟ್ಟಿದೆ ಎಂದು ಎಣಿಸಿದರೆ ಒಂದೊಂದು ಶಕ್ತಿಯ ಅಡ್ಡಕೊಯ್ತ ಸಿಗುತ್ತದೆ. ಬಿಂದುಗಳನ್ನು ಸೇರಿಸಿದರೆ ಗೆರೆ.

ನನ್ನ ಗೆರೆ ಬೇರೆ ಎರಡು ಪ್ರಯೋಗಾಲಯಗಳ ಗೆರೆಗಿಂತ ಬಲಕ್ಕೆ ಸರಿದಿದೆಯಂತೆ. ಹೊಸ್ತಿಲು ಎರಡರ ಬದಲು ಮೂರೂವರೆಯಲ್ಲಿ ಕಾಣುತ್ತಿದೆಯಂತೆ. ಆಸ್ಪತ್ರೆಯವರಿಗೆ ಸತು ಮಾಡಿಕೊಡಲು ಎಷ್ಟು ದಪ್ಪದ ತಾಮ್ರ ಬೇಕು ಎಂಬುದು ನನ್ನ ಕೋಷ್ಟಕದ ಮೇಲೆ ನಿಂತಿದೆ. ಏಪ್ರಿಲ್ ಕೊನೆಗೆ ತೀರ್ಮಾನವಾಗಬೇಕು. ಕೊನೆಯಲ್ಲಿ ಹೀಗೆ ಬರೆದಿದ್ದಾರೆ: "ತಾನು ಹನ್ನೆರಡು ತಗಡು ಕತ್ತರಿಸಿ ಕೊಟ್ಟೆ ಎಂದು ಮಿಸ್ ಡೊರೊಥಿ ಹೇಳುತ್ತಾಳೆ. ನಿನ್ನ ಪುಸ್ತಕದಲ್ಲಿ ಹನ್ನೊಂದಿದೆ. ಇದೇನು?"

ಡೊರೊಥಿ ತಗಡು ಕತ್ತರಿಸಿ ತೂಗುವ ಹುಡುಗಿ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕೆಲಸದಲ್ಲಿ ಹಾಡು ಗುನುಗುತ್ತಾಳೆ. ಗುನುಗುತ್ತ ತೂಗಿದರೆ ಇನ್ನೇನಾಗುತ್ತದೆ?

೧೫ ಫೆಬ್ರುವರಿ

ಉತ್ತರ ಬರೆದು ಅಂಚೆಗೆ ಹಾಕಿಸಿದೆ. ಜೋಡಿಸುವಾಗ ಪ್ರತಿ ತಗಡಿಗೂ ಪುಸ್ತಕದಲ್ಲಿ ಗೀಟು ಹಾಕಿದ್ದೇನೆ, ಹನ್ನೊಂದು ಗೀಟುಗಳಿವೆ, ಹನ್ನೊಂದು ಲಕೋಟೆಗಳಿವೆ. ಆಕೆಯ ಹನ್ನೆರಡನೆಯ ತಗಡು ಆಕೆಯ ಮೇಜಿನ ಖಾನೆಯಲ್ಲೇ ಇರಬೇಕು. ಎಣಿಸಲು ಬಾರದವಳು ತೂಗಿದ್ದೂ ಅಷ್ಟಕ್ಕಷ್ಟೇ. ತಗಡುಗಳು ಆಕೆ ಬರೆದುಕೊಟ್ಟದ್ದಕ್ಕಿಂತ ದಪ್ಪ ಇದ್ದರೆ ಗೆರೆ ಹೀಗೇ ಬಲಕ್ಕೆ ಸರಿಯುತ್ತದೆ. ಇಷ್ಟನ್ನು ಮುಚ್ಚುಮರೆಯಿಲ್ಲದೆ ಬರೆದೆ. ವಿಜ್ಞಾನದಲ್ಲಿ ದಾಕ್ಷಿಣ್ಯ ನಡೆಯುವುದಿಲ್ಲ.

ಬರೆದ ಮೇಲೆ ಹಗುರಾಯಿತು. ಎಪ್ಪತ್ನಾಲ್ಕು ದಿನ.

೨೭ ಫೆಬ್ರುವರಿ

ಅರವತ್ತೆರಡು ದಿನ.

ಕಣ್ಣು ಬೇಗ ದಣಿಯುತ್ತದೆ. ಲಾಗರಿದಮ್ ಪುಟದಲ್ಲಿ ಅಂಕಿಗಳು ಇರುವೆಗಳಾಗಿ ಹರಿಯುತ್ತವೆ. ಅಕ್ಕನನ್ನು ಕೂರಿಸಿಕೊಂಡೆ. ಆಕೆ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಗಂಡ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ಇಲ್ಲೇ ಇದ್ದಾಳೆ. ಅಪ್ಪ ಅಳೆಯುವಾಗ ಪಕ್ಕದಲ್ಲಿ ಕುಳಿತು ಕೊಳಗಕ್ಕೊಂದು ಹುಣಸೆಬೀಜ ಹಾಕುವುದು ಆಕೆಯ ಕೆಲಸ. ಸಣ್ಣವನಿದ್ದಾಗ ನನ್ನದಿತ್ತು. ಇಂಗ್ಲಿಷ್ ಅಂಕಿ ಗುರುತು ಮಾಡಿಕೊಟ್ಟೆ. ಅರ್ಧ ಗಂಟೆಯಲ್ಲಿ ಕೋಷ್ಟಕ ಓದತೊಡಗಿದಳು, ಒಂದೂ ತಪ್ಪಿಲ್ಲ.

"ಇಷ್ಟ ಚಂದ ಓದ್ತಿ, ಮತ್ತ ಸಾಲಿ ಯಾಕ ಬಿಟ್ಟಿ?" ಎಂದೆ.

"ನಾ ಎಲ್ಲಿ ಬಿಟ್ನೋ, ಬಿಡಿಸಿದ್ರು," ಎಂದಳು. "ಮುಂದಿಂದ ಹೇಳ್ಲೇನು? ಸೊನ್ನಿ, ಆರು, ಒಂಬತ್ತು, ಎರಡು."

೮ ಮಾರ್ಚ್

ಬಿಸಿಲು ಜೋರಾಗಿದೆ. ತಗಡುಗಳನ್ನು ಒಂದೊಂದಾಗಿ ಪೆಟ್ಟಿಗೆಯ ಕೆಳಗಿಟ್ಟು ಎಣಿಸಿದೆ. ಈ ಸತು ಅರ್ಧವಾಗಲು ಎಂಟು ತಿಂಗಳು ಬೇಕು. ಅಷ್ಟೇ ನಿಧಾನವಾಗಿ ಇಳಿಯುತ್ತಿದೆ, ಸರಿಯಾಗಿದೆ. ಹತ್ತನೆಯದರಿಂದ ಏನೂ ಇಲ್ಲ. ಹನ್ನೊಂದನೆಯದರಿಂದಲೂ ಇಲ್ಲ. ಹತ್ತನೆಯದು ಸ್ವಲ್ಪವಾದರೂ ಮಾತಾಡಬೇಕಿತ್ತು. ಡೊರೊಥಿಯ ತಕ್ಕಡಿಗೆ ಬೆಂಕಿ ಬೀಳಲಿ.

ಐವತ್ಮೂರು.

೧೪ ಮಾರ್ಚ್

ಪ್ರೊಫೆಸರರ ಎರಡನೆಯ ಪತ್ರ. ನನ್ನ ಪುಸ್ತಕದ ಮೇಲೆ ತಮಗೆ ನಂಬಿಕೆಯಿದೆ ಎಂದಿದ್ದಾರೆ. ಡೊರೊಥಿಯನ್ನು ತಕ್ಕಡಿಯ ಕೆಲಸದಿಂದ ತೆಗೆದಿದ್ದಾರೆ. ಈ ತಿಂಗಳ ಕೊನೆಗೆ ಆಕೆಯ ಕೆಲಸವೂ ಮುಗಿಯುತ್ತದೆ. ತಗಡುಗಳನ್ನು ಹತ್ತು ಪಾಲಿಗೆ ಒಂದು ಪಾಲು ದಪ್ಪ ಎಂದು ಹಿಡಿದು ಕೋಷ್ಟಕ ತಿದ್ದಿ ಕಳಿಸು ಎಂದು ಬರೆದಿದ್ದಾರೆ.

ಒಳ್ಳೆಯದೇ ಆಯಿತು. ಊಟ ಸೇರಲಿಲ್ಲ.

ಅಕ್ಕ ತಾಟು ಎತ್ತಲು ಬಂದಳು. "ಏನ ಬರದಾರ?" ಹೇಳಿದೆ.

"ಆ ಹುಡುಗಿ ಏನಂತಾಳ?"

"ಹನ್ನೆರಡ ಕೊಟ್ಟೀನಿ ಅಂತಾಳ."

"ಮತ್ತ ನೀನು?"

"ಹನ್ನೊಂದು. ಗೀಟ ಹಾಕೀನಿ. ಬರದದ್ದ ಐತಿ."

ಅಕ್ಕ ತಾಟು ಎತ್ತಿಕೊಂಡಳು. "ಆಕೀಗೆ ಮನ್ಯಾಗ ಯಾರ್‍ಯಾರ ಅದಾರು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಒಂದೇ ಕೋಣೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇವೆ. ಖರೇನೇ ಗೊತ್ತಿಲ್ಲ.

೧೯ ಮಾರ್ಚ್

ಅಕ್ಕ ನಿನ್ನೆ ನರಗುಂದಕ್ಕೆ ಹೋದಳು, ಚಿಕ್ಕಮ್ಮನ ಸೊಸೆಯ ಹೆರಿಗೆಗೆ. ಅಪ್ಪ ಕೆಳಗಿನಿಂದಲೇ ಕೂಗಿದ: "ಪ್ರಭು, ಮೈ ಹಗುರ ಇದ್ರ ಇಳದ ಬಾ. ಬೀಜಾ ಹಾಕಾಕ ಯಾರೂ ಇಲ್ಲ."

ಹೋಗಿ ಕುಳಿತೆ. ಪುರ್ತಗೇರಿಯ ಮೈಲಾರಪ್ಪ ಎರಡು ಚೀಲ ಜೋಳ ತಂದಿದ್ದ. ಅಪ್ಪ ಕೊಳಗ ತುಂಬಿ, ಕೋಲಿನಿಂದ ಬಾಯಿ ಸವರಿ, "ಲಾಭಾ" ಎಂದು ಸುರಿದ. ನನ್ನ ಕೈ ಬೀಜಕ್ಕೆ ಹೋಗಲಿಲ್ಲ. "ಎರಡಾ" ಎಂದ, ಒಂದು ಬೀಜ ಹಾಕಿದೆ. ಅಲ್ಲಿಂದ ಮುಂದೆ ಮೈಲಾರಪ್ಪನ ಜೊತೆ ಮಳೆಯ ಮಾತು, ಹೊಳೆಮಣ್ಣೂರಿನ ಬೀಗರ ಮಾತು. ಎಣಿಕೆ ಬಾಯಲ್ಲೇ ಕರಗಿಹೋಯಿತು. ಅಪ್ಪ ಯಾವಾಗಲೂ ಹಾಗೇ. ಬೀಜಗಳಿರುವುದೇ ಅದಕ್ಕೆ.

ಚೀಲ ಮುಗಿಯಿತು. "ಬೀಜ ಎಷ್ಟ ಬಿದ್ದಾವು?"

"ಹನ್ನೊಂದು."

"ಹಂಗಾರ ಹನ್ನೆರಡ," ಎಂದ ಅಪ್ಪ.

ಇದು ನಮ್ಮ ಅಂಗಡಿಯ ಪದ್ಧತಿ. ಲಾಭ ಎಂದು ಸುರಿದದ್ದು ದೇವರು ಕೊಟ್ಟದ್ದು, ಅದನ್ನು ಎಣಿಸಬಾರದು, ಅದಕ್ಕೆ ಬೀಜ ಹಾಕಬಾರದು. ಕೊನೆಯಲ್ಲಿ ಬೀಜಗಳಿಗೆ ಒಂದು ಕೂಡಿಸಿ ಹೇಳಬೇಕು. ಆರನೆಯ ವಯಸ್ಸಿನಿಂದ ಹದಿನಾರರವರೆಗೆ ದಿನವೂ ಮಾಡಿದ್ದೇನೆ. ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹನ್ನೊಂದು ಬೀಜ ನನ್ನ ಎದುರಿಗಿದ್ದವು. ಪುಸ್ತಕದಲ್ಲಿ ಹನ್ನೊಂದು ಗೀಟು.

ಎರಡನೆಯ ಚೀಲ ಹೇಗೆ ಮುಗಿಯಿತೋ ತಿಳಿಯದು. ಮೈಲಾರಪ್ಪ ಎತ್ತಿಗೆ ನೀರು ಕುಡಿಸಲು ಹೋಗಿದ್ದ. ಕೊಳಗ ಎಷ್ಟಾಯಿತು ಎಂದು ಅಪ್ಪ ಕೇಳಿದಾಗ "ಒಂಬತ್ತು" ಎಂದು ಹೇಳಿ ಮೇಲೆ ಓಡಿಬಂದೆ. ಪುಸ್ತಕ ತೆರೆದೆ. ಅಕ್ಟೋಬರ್ ಹನ್ನೊಂದರ ಪುಟ. ಅಂದು ಬೆಳಗಿನಿಂದ ಹೊಟ್ಟೆ ತೊಳಸುತ್ತಿತ್ತು, ಮೈ ಬಿಸಿಯಿತ್ತು. ಕಾಮಾಲೆ ಶುರುವಾದದ್ದೇ ಆ ವಾರ. ಅಂದು ಯಾವ ಭಾಷೆಯಲ್ಲಿ ಎಣಿಸಿದೆ? ನೆನಪಿದೆ, ಲಾಭಾದಿಂದಲೇ ಶುರು ಮಾಡಿದ್ದೆ. ತುಟಿ ಮಿಸುಕಿದ್ದು ನೋಡಿ ಡೊರೊಥಿ, "ಏನದು, ಪ್ರಾರ್ಥನೆಯಾ?" ಎಂದು ಕೇಳಿದ್ದಳು.

೨೦ ಮಾರ್ಚ್

ನೆನಪು ಸಾಕ್ಷಿಯಲ್ಲ. ಅಳೆಯಬೇಕು.

ತಗಡುಗಳ ಮುಂದೆ ಯಾವಾಗಲೂ ಒಂದು ಕಾವಲು ತಗಡು ಇಡುತ್ತೇವೆ. ಅದೂ ತಾಮ್ರದ್ದೇ, ಆದರೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಯಂತ್ರದ ಕೊಳೆ ಅದರ ಮೇಲೆ ಕೂರುತ್ತದೆ, ಕೆಲಸವಾದ ಮೇಲೆ ಎಸೆಯುತ್ತೇವೆ. ಅಂದು ಬಿಚ್ಚಿದಾಗ ಎಲ್ಲಕ್ಕಿಂತ ಮುಂದಿನ ತಗಡು ಕಪ್ಪಾಗಿತ್ತು. ಕಾವಲು ತಗಡು ಎಂದುಕೊಂಡು ಇಕ್ಕಳದಲ್ಲಿ ಹಿಡಿದು ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಹಿಂದೆ ಹನ್ನೊಂದು ಉಳಿದವು. ಗೀಟುಗಳೂ ಹನ್ನೊಂದು. ಸಂಶಯಕ್ಕೆ ಎಡೆಯೆಲ್ಲಿ?

ಡಬ್ಬಿ ತೆರೆದೆ. ಕಪ್ಪು ತಗಡನ್ನು ಪೆಟ್ಟಿಗೆಯ ಕೆಳಗಿಟ್ಟೆ. ತೆಳು ಸಿಪ್ಪೆಯಾಗಿದ್ದರೆ ನಿಮಿಷಕ್ಕೆ ಹತ್ತು ಹನ್ನೆರಡು ಸದ್ದು ಬರಬೇಕು. ಪೆಟ್ಟಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸಿಡಿಯಿತು. ಐದು ಸಲ ಎಣಿಸಿದೆ. ಒಂದು ಎಂದು ಬರೆದ ಲಕೋಟೆಯ ತಗಡಿಗಿಂತ ತುಸು ಹೆಚ್ಚೇ.

ಎರಡನ್ನೂ ಕಾಗದದಲ್ಲಿ ಸುತ್ತಿಕೊಂಡು ಅತ್ತಾರ ಗೌಸುಸಾಬನ ಅಂಗಡಿಗೆ ಹೋದೆ. ಆತ ಕೇಸರಿ, ಕಸ್ತೂರಿ ತೂಗುವವನು. ಉಸಿರು ಬಿಟ್ಟರೆ ಅಲುಗುವ ತಕ್ಕಡಿ ಪೇಟೆಯಲ್ಲಿ ಅವನದೊಂದೇ.

"ಇದೇನ್ರಿ ಇದು, ತಾಂಬ್ರಾ ತೂಗಸಾಕ ಬಂದೀರಿ? ನಿಮ್ಮ ಅಂಗಡ್ಯಾಗ ತಕ್ಕಡಿ ಇಲ್ಲೇನ್ರಿ?"

"ಒಂದ ಕಡೆ ಇದು, ಒಂದ ಕಡೆ ಇದು ಇಡ್ರಿ. ಕೈಲೆ ಮುಟ್ಟಬ್ಯಾಡ್ರಿ, ಇಕ್ಕಳ ತೊಗೊಳ್ರಿ."

ಗೌಸುಸಾಬ ಇಟ್ಟ. ಮುಳ್ಳು ಅಲುಗಿ ನಡುವೆ ನಿಂತಿತು. "ಅಣ್ಣತಮ್ಮರಂಗ ಅದಾವ ನೋಡ್ರಿ," ಎಂದ. "ಅದಿರ್ಲಿ, ಮಾರಿ ಯಾಕ ಹಿಂಗ ಬಿಳಿಚೇತಿ? ನೆಲನೆಲ್ಲಿ ಕುಡೀತೀರೋ ಇಲ್ಲೋ?"

ಕಾವಲು ತಗಡು ನಾನು ಇಟ್ಟೇ ಇರಲಿಲ್ಲ. ಅದು ಮೊದಲನೆಯ ತಗಡು. ಹನ್ನೆರಡು ಇದ್ದವು. ಎರಡನೆಯದನ್ನು ಒಂದು ಎಂದೆ, ಮೂರನೆಯದನ್ನು ಎರಡು ಎಂದೆ. ಎಲ್ಲ ಶಕ್ತಿಗಳೂ ಒಂದು ಮೆಟ್ಟಿಲು ತಪ್ಪಿವೆ. ಡೊರೊಥಿಯ ತಕ್ಕಡಿ ಸರಿಯಾಗಿತ್ತು. ಎಣಿಕೆಯೂ ಸರಿಯಾಗಿತ್ತು.

೨೧ ಮಾರ್ಚ್

ಬರೆಯಬೇಕು. ಇವತ್ತು ತಲೆನೋವು.

ಬರೆದರೆ ನನ್ನ ಪುಸ್ತಕವನ್ನು ಇನ್ನು ಯಾರು ನಂಬುತ್ತಾರೆ? ವೇತನ ಮುಂದುವರಿಯುವುದು ಜೂನಿನಲ್ಲಿ ತೀರ್ಮಾನವಾಗುತ್ತದೆ. ಬರೆಯದಿದ್ದರೂ ನಡೆಯುತ್ತದೆ: ದಪ್ಪ ಹತ್ತು ಪಾಲಿಗೆ ಒಂದು ಹೆಚ್ಚು ಎಂದು ಹಿಡಿದರೆ ಗೆರೆ ಹತ್ತಿರ ಹತ್ತಿರ ಸರಿಹೋಗುತ್ತದೆ. ಆಸ್ಪತ್ರೆಗೆ ದೊಡ್ಡ ತೊಂದರೆಯಿಲ್ಲ. ಡೊರೊಥಿಗೆ ಬೇರೆ ಕೆಲಸ ಸಿಗುತ್ತದೆ, ಅಲ್ಲಿ ಹುಡುಗಿಯರಿಗೆ ಕೆಲಸಕ್ಕೇನು ಬರ.

ಮೇಲಿನದನ್ನು ಓದಿದೆ. ಹೊಡೆದುಹಾಕುವುದಿಲ್ಲ, ಇರಲಿ.

೨೨ ಮಾರ್ಚ್

ಬರೆಯಲಿಲ್ಲ.

೨೩ ಮಾರ್ಚ್

ನಿನ್ನೆ ಸಂಜೆ ಅಪ್ಪ ಮೈಲಾರಪ್ಪನ ಜೋಳವನ್ನು ನೆಲದೊಳಗಿನ ಹಗೇವಿಗೆ ಹಾಕಿಸಲು ಮತ್ತೆ ಅಳೆಸಿದ. ಎರಡನೆಯ ಚೀಲದಲ್ಲಿ ಹತ್ತು ಕೊಳಗ ಇತ್ತು. ನಾನು ಒಂಬತ್ತು ಎಂದಿದ್ದೆ. ಅಂದು ಬೀಜದ ಲೆಕ್ಕವನ್ನೇ ಹೇಳಿ ಓಡಿಬಂದಿದ್ದೆ, ಲಾಭವನ್ನು ಕೂಡಿಸಿರಲಿಲ್ಲ. ಅದೇ ತಪ್ಪು, ಆರು ತಿಂಗಳೊಳಗೆ ಎರಡನೆಯ ಸಲ, ಎರಡು ದೇಶಗಳಲ್ಲಿ.

ಬೆಳಿಗ್ಗೆ ಅಪ್ಪ ಚಕ್ಕಡಿ ಹೂಡಿಸಿ ಒಂದು ಕೊಳಗ ಜೋಳ ಕಟ್ಟಿಸಿದ. "ನೀನೂ ನಡಿ," ಎಂದ.

"ಆಳ ಕಡೆ ಹೇಳಿ ಕಳಿಸಿದ್ರ ಮೈಲಾರಪ್ಪನ ಬರ್ತಿದ್ದ."

"ತಪ್ಪ ನಮ್ಮ ಅಂಗಡೀದು. ಅಂವ ಯಾಕ ಬರಬೇಕು? ಅಳತಿ ತಪ್ಪಿದ್ರ ಅಳದಾಂವ ಹೋಗಬೇಕು. ನಮ್ಮಪ್ಪ ಸವಡಿ ತನಕ ನಡಕೊಂಡ ಹೋಗ್ಯಾನ, ಅರ್ಧ ಕೊಳಗಕ್ಕ."

ಪುರ್ತಗೇರಿಯಲ್ಲಿ ಮೈಲಾರಪ್ಪ ಕಟ್ಟೆಯ ಮೇಲಿದ್ದ. ಅವನಿಗೆ ತಪ್ಪಿದ್ದೇ ಗೊತ್ತಿರಲಿಲ್ಲ. ನಾಲ್ಕು ಮಂದಿ ಇದ್ದರು. ಅಪ್ಪ ಚಕ್ಕಡಿಯಿಂದಿಳಿದು ಗಟ್ಟಿಯಾಗಿಯೇ ಹೇಳಿದ: "ಮೈಲಾರಪ್ಪ, ಮೊನ್ನೆ ಅಳತ್ಯಾಗ ಒಂದ ಕೊಳಗ ನನ್ನ ಕೈಲೆ ತಪ್ಪೇತಿ. ತೊಗೊ."

ನನ್ನ ಕೈಲೆ ಎಂದ. ಮಗ ಪಕ್ಕದಲ್ಲೇ ನಿಂತಿದ್ದ, ಅವನತ್ತ ನೋಡಲೂ ಇಲ್ಲ. ಮೈಲಾರಪ್ಪ, "ಅಯ್ಯ, ಇಷ್ಟಕ್ಕ ಬಿಸಲಾಗ ಬರಬೇಕೇನ್ರಿ ಸಾವಕಾರ್ರ?" ಎಂದು ನಕ್ಕ. ಅವನ ಹೆಂಡತಿ ಮಾಯವ್ವ ಮಜ್ಜಿಗೆ ತಂದುಕೊಟ್ಟಳು. ಅಪ್ಪ ಹೊಲದ ಮಾತು ತೆಗೆದ. ಆಗಿಹೋಯಿತು. ಆಕಾಶ ಕಳಚಿ ಬೀಳಲಿಲ್ಲ.

ಬರುವಾಗ ದಾರಿಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಹನ್ನೊಂದು ಗೀಟು, ಕಪ್ಪು ತಗಡು, ಡೊರೊಥಿ. ನಾಚಿಕೆಯಿಂದ ಮಾತು ತಡವರಿಸಿತು. ಅಪ್ಪ ಎತ್ತಿನ ಬೆನ್ನು ನೋಡುತ್ತ ಕೇಳಿದ.

"ಆ ಹುಡುಗೀಗೆ ಎಂದ ಬಿಡಿಸ್ತಾರಂದಿ?"

"ತಿಂಗಳ ಕೊನೀಗೆ."

"ಇಲ್ಲಿಂದ ಆಕೀ ಊರಿಗೆ ಚಕ್ಕಡಿ ಹೋಗೂದಿಲ್ಲ," ಎಂದ ಅಪ್ಪ. "ತಂತಿ ಹೊಕ್ಕೈತಿಲ್ಲೋ?"

೨೪ ಮಾರ್ಚ್

ಮೊದಲ ಬಸ್ಸಿಗೆ ರೋಣಕ್ಕೆ ಹೋದೆ. ಕಾಯಿಲೆಯಾದ ಮೇಲೆ ಇಷ್ಟು ದೂರ ಒಬ್ಬನೇ ಹೋದದ್ದು ಇದೇ ಮೊದಲು. ಇವತ್ತು ಆದಿತ್ಯವಾರ ಎಂಬುದು ತಂತಿ ಆಫೀಸಿನ ಬಾಗಿಲು ನೋಡಿದಾಗ ನೆನಪಾಯಿತು. ತಂತಿ ಮಾಸ್ತರರ ಮನೆಗೇ ಹೋದೆ. ನನ್ನ ಮುಖ ನೋಡಿದವರೇ ಅಂಗಿ ತೊಟ್ಟುಕೊಂಡರು.

"ಯಾರ ತೀರಿಕೊಂಡಾರ್ರಿ?"

"ಯಾರೂ ತೀರಿಕೊಂಡಿಲ್ರಿ. ಒಬ್ಬಾಕಿ ಕೆಲಸ ಹೊಂಟೈತಿ."

ಬರೆದುಕೊಟ್ಟೆ: "ತಗಡು ಹನ್ನೆರಡು. ತಪ್ಪು ನನ್ನದು, ಡೊರೊಥಿಯದಲ್ಲ. ಆಕೆಯನ್ನು ಬಿಡಿಸಬೇಡಿ. ಪತ್ರ ಬರುತ್ತಿದೆ." ಮಾಸ್ತರರು ಎರಡು ಸಲ ಓದಿದರು. "ಹನ್ನೆರಡ ತಗಡಿಗೆ ವಿಲಾಯತಿಗೆ ತಂತಿ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕಳಿಸಿದರು.

ಪತ್ರವನ್ನು ಬಸ್‌ಸ್ಟ್ಯಾಂಡಿನಲ್ಲಿ ಕುಳಿತೇ ಬರೆದೆ. ಲಾಭದ ಬಗ್ಗೆ ಬರೆಯಬೇಕಾಯಿತು. ಇಂಗ್ಲಿಷಿನಲ್ಲಿ ಅದನ್ನು ತಿಳಿಸಲು ಇಡೀ ಒಂದು ಪುಟ ಹಿಡಿಯಿತು.

೩ ಏಪ್ರಿಲ್

ಅಕ್ಕ ನರಗುಂದದಿಂದ ಬಂದಳು, ಗಂಡು ಕೂಸಂತೆ. ಆಕೆಗೂ ಹೇಳಿದೆ. "ಅಂದ ಹನ್ನೊಂದ ಗೀಟು ಅಂದಾಗ ನನಗ ಹೊಳೀಬೇಕಿತ್ತು ನೋಡು. ದಿನಾ ಬೀಜಾ ಹಾಕಾಕಿ ನಾನು," ಎಂದು ತನ್ನನ್ನೇ ಬೈದುಕೊಂಡಳು. ನಂತರ ಕುಳಿತೆವು. ಆಕೆ ಓದಿದಳು, ನಾನು ಬರೆದೆ. ಕಪ್ಪು ತಗಡಿಗೆ ಒಂದು ಎಂದು ಹೆಸರಿಟ್ಟು ಉಳಿದವನ್ನೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿಸಿದೆವು. ಲೆಕ್ಕ ಇನ್ನೂ ಮೂರು ದಿನದ ಕೆಲಸ. ಡೊರೊಥಿಯ ತೂಕಗಳನ್ನು ಒಂದಂಕಿಯೂ ಬದಲಿಸದೆ ಹಾಗೇ ಹಾಕಿದೆ.

೬ ಏಪ್ರಿಲ್

ಗೆರೆ ಸರಿಹೋಯಿತು. ಹೊಸ್ತಿಲು ಇರಬೇಕಾದ ಕಡೆ ಬಂತು. ಮಾತಾಡದ ಆ ತಗಡು ಹನ್ನೊಂದನೆಯದು, ಅದು ಮಾತಾಡಬೇಕಾದದ್ದೇ ಇರಲಿಲ್ಲ. ಅಪ್ಪನನ್ನು ಕರೆದು ತೋರಿಸಿದೆ. ಪೊರೆಯಿಲ್ಲದ ಕಣ್ಣು ಹತ್ತಿರ ತಂದು ಗೆರೆಯ ಮೇಲೆ ಬೆರಳಾಡಿಸಿದ. "ಚಲೋ ಏರೇತಿ," ಎಂದ. ಕೋಷ್ಟಕವನ್ನು ಇವತ್ತೇ ಅಂಚೆಗೆ ಹಾಕಿಸಿದೆ.

ಕೆಳಗೆ ಚಕ್ಕಡಿಗಳು ಬಂದಿದ್ದವು. ಅಪ್ಪನ ಜೊತೆ ನಾನೂ ಇಳಿದೆ. ನಮ್ಮ ಅಂಗಡಿಗೆ ಈ ವರ್ಷ ಬಿಳಿಜೋಳ ಬಹಳ ಚೆನ್ನಾಗಿ ಬಂದಿದೆ.

೨೩ ಏಪ್ರಿಲ್

ಪ್ರೊಫೆಸರರ ಪತ್ರ. ಕೋಷ್ಟಕ ಆಸ್ಪತ್ರೆಯ ಕೆಲಸಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿದೆ. ಇಂಥ ತಪ್ಪನ್ನು ಒಪ್ಪಿಕೊಂಡವನ ಪುಸ್ತಕವನ್ನು ಮುಂದೆಯೂ ನಂಬಬಹುದು, ಬಾ, ಎಂದು ಬರೆದಿದ್ದಾರೆ. ಇಷ್ಟು ಮೊದಲ ಪುಟದಲ್ಲಿ.

ಎರಡನೆಯ ಪುಟದಲ್ಲಿ: ನನ್ನ ತಂತಿ ಮುಟ್ಟುವ ಹೊತ್ತಿಗೆ ಡೊರೊಥಿ ಅಲ್ಲಿರಲಿಲ್ಲ. ಫೆಬ್ರುವರಿಯ ನನ್ನ ಪತ್ರವನ್ನು ಕೆಲಸಗಾರರ ಸಭೆಯಲ್ಲಿ ಓದಿದರಂತೆ. ಎಣಿಸಲು ಬಾರದವಳು ಎಂಬಲ್ಲಿ ಯಾರೋ ನಕ್ಕರಂತೆ. ಆಕೆ ತಿಂಗಳ ಕೊನೆಯವರೆಗೂ ಕಾಯಲಿಲ್ಲ. ಈಗ ಉಣ್ಣೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಪ್ರೊಫೆಸರರು ತಾವೇ ಹೋಗಿ ಕ್ಷಮೆ ಕೇಳಿ ವಾಪಸು ಕರೆದಿದ್ದಾರೆ. ಬರುವುದಿಲ್ಲ ಎಂದಿದ್ದಾಳೆ.

ಜೊತೆಗೆ ಆಕೆಯ ಕೈಬರಹದ ಚೀಟಿಯಿತ್ತು. "ಮಿಸ್ಟರ್ ಪ್ರಭು, ನಾನು ಹನ್ನೆರಡು ಕತ್ತರಿಸಿದೆ, ಹನ್ನೆರಡು ಕೊಟ್ಟೆ. ಆಗಲೂ ಹೇಳಿದ್ದೆ. ನಿಮ್ಮ ಆರೋಗ್ಯ ಸುಧಾರಿಸಲಿ. ಡಿ."

ಅತ್ತೆ. ಬರೆಯಲು ನಾಚಿಕೆಯಿಲ್ಲ. ಹನ್ನೊಂದು ಗೀಟು ಹಾಕಿದ್ದು ಜ್ವರದ ಕೈ, ಅದನ್ನು ಕ್ಷಮಿಸಬಹುದು. ಫೆಬ್ರುವರಿಯ ಪತ್ರ ಬರೆದ ಕೈಗೆ ಜ್ವರ ಇರಲಿಲ್ಲ.

೨೯ ಏಪ್ರಿಲ್

ನಾಳೆ ಹೊರಡಬೇಕು. ಟ್ರಂಕು ಕಟ್ಟಿಯಾಯಿತು. ಗೌಸುಸಾಬ ನೆಲನೆಲ್ಲಿಯ ಪುಡಿ ಕೊಟ್ಟು, ವಿಲಾಯತಿ ನೀರಿನಲ್ಲಿ ಕುಡಿದರೂ ನಡೆಯುತ್ತದೆ ಎಂದು ಹೇಳಿದ. ಹೋದೊಡನೆ ಆ ಉಣ್ಣೆಯ ಅಂಗಡಿಗೆ ಹೋಗುತ್ತೇನೆ. ಅಳತೆ ತಪ್ಪಿದರೆ ಅಳೆದವನು ಹೋಗಬೇಕು. ಆಕೆ ಮಾತಾಡದಿದ್ದರೆ ಕ್ಷಮೆ ಕೇಳಿ ಬರುತ್ತೇನೆ, ಮಾತಾಡಿದರೆ ಹೇಳಿದ್ದನ್ನೆಲ್ಲ ಕೇಳಿಕೊಂಡು ಬರುತ್ತೇನೆ.

ಮಧ್ಯಾಹ್ನ ಅಂಗಡಿಯಲ್ಲಿ ಗೋದಿ ಅಳೆಯುವುದಿತ್ತು. ಅಕ್ಕ ನನಗೆ ರೊಟ್ಟಿ ಬಡಿಯುತ್ತಿದ್ದಳು, ಬೀಜಕ್ಕೆ ನಾನು ಕುಳಿತೆ. ಅಪ್ಪ "ಲಾಭಾ" ಎಂದು ಸುರಿದ. ಯಾಕೋ ತಡೆಯಲಾಗಲಿಲ್ಲ, ಒಂದು ಬೀಜ ಹಾಕಿದೆ.

ಅಪ್ಪನಿಗೆ ಕಣ್ಣು ಮಂಜಾದರೂ ಕಿವಿ ಚುರುಕು. ಬೀಜ ಬಿದ್ದ ಸದ್ದು ಕೇಳಿ ಕೊಳಗ ಹಿಡಿದೇ ನಿಂತ. ಗೋದಿ ತಂದವರು ಬಾಯಿಬಿಟ್ಟು ನೋಡಿದರು. ನಾಲ್ಕು ತಲೆಮಾರಿನ ಅಂಗಡಿ. ನಾನು ಬೀಜ ತೆಗೆಯಲು ಕೈ ಚಾಚಿದೆ.

"ಇರ್ಲಿ ಬಿಡು," ಎಂದ ಅಪ್ಪ. ಬೀಜದತ್ತ ಬಾಗಿ, "ಆ ಹುಡುಗಿ ಹೆಸರ ಏನಂದಿ?"

"ಡೊರೊಥಿ."

ಅಪ್ಪ ಆ ಹೆಸರನ್ನು ಹೇಳಲು ನೋಡಿದ, ನಾಲಿಗೆ ಹೊರಳಲಿಲ್ಲ. ಕೊಳಗವನ್ನು ಮತ್ತೆ ತುಂಬಿ ಬಾಯಿ ಸವರಿದ.

"ಎರಡಾ," ಎಂದ. ಎರಡನೆಯ ಬೀಜ ಹಾಕಿದೆ.